ಪಣಕ್ಕಿಡಲೊಲ್ಲದ ಪಟ್ಟ

ಆಗುಂಬೆಯಲ್ಲಿ ಮಳೆ ಹಿಡಿದು ಕರೆಂಟ್ ಹೋದರೆ ಜಗಲಿಗೆ ಚೆಸ್ ಮಣೆ ಬರುತ್ತದೆ. 2024ರ ಡಿಸೆಂಬರ್‌ನಲ್ಲಿ 18 ವರ್ಷದ ಗುಕೇಶ್ ವಿಶ್ವ ಚಾಂಪಿಯನ್ ಆದ ಮೇಲೆ ಮಣೆಯ ಜೊತೆ ಒಂದು ವಾದವೂ ಬರುತ್ತಿದೆ: ಹಿಂದಿನ ಚಾಂಪಿಯನ್ ಕಾರ್ಲ್‌ಸನ್ ಆಡದೇ ಬಿಟ್ಟುಕೊಟ್ಟ ಪಟ್ಟಕ್ಕೆ ತೂಕವೆಷ್ಟು?

ಚೆಸ್ ಪಟ್ಟ ಬಹುಕಾಲ ಚಾಂಪಿಯನ್ನನ ಸ್ವಂತ ಆಸ್ತಿಯಂತೆಯೇ ಇತ್ತು. ಯಾರ ಜೊತೆ, ಯಾವಾಗ, ಎಷ್ಟು ಹಣಕ್ಕೆ ಆಡುವುದೆಂಬುದು ಅವನ ಮರ್ಜಿ. 27 ವರ್ಷ ಪಟ್ಟದಲ್ಲಿದ್ದ ಲಾಸ್ಕರ್, 1911ರಲ್ಲಿ ಕ್ಯಾಪಾಬ್ಲಾಂಕಾ ಸವಾಲು ಹಾಕಿದಾಗ, ಒಂದೇ ಅಂಕದಿಂದ ಗೆದ್ದರೆ ಅದು ಗೆಲುವಲ್ಲ, ಡ್ರಾ ಎಂಬ ಷರತ್ತಿಟ್ಟರು. ಮಾತುಕತೆ ಮುರಿದುಬಿತ್ತು. 1921ರಲ್ಲಿ ಕೊನೆಗೂ ಪಟ್ಟ ಗೆದ್ದ ಕ್ಯಾಪಾಬ್ಲಾಂಕಾ ಮರುವರ್ಷ ತಾವೇ ನಿಯಮ ತಂದರು: ಸವಾಲು ಹಾಕುವವನು 10,000 ಡಾಲರ್ ಹೊಂದಿಸಬೇಕು. 1927ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಅಲೆಖಿನ್ ಕ್ಯಾಪಾಬ್ಲಾಂಕಾರನ್ನು 34 ಆಟಗಳಲ್ಲಿ ಮಣಿಸಿದರು. ಮರುಪಂದ್ಯ ಕೇಳಿದರೆ ಅದೇ ಹಣದ ನಿಯಮ ಕ್ಯಾಪಾಬ್ಲಾಂಕಾಗೇ ಅಡ್ಡವಾಯಿತು. ಆದರೆ ಬೊಗೊಲ್ಯುಬೊವ್ ಎಂಬ ಇನ್ನೊಬ್ಬ ಆಟಗಾರನ ಜೊತೆ ಅಲೆಖಿನ್ ಎರಡು ಬಾರಿ ಪಟ್ಟಕ್ಕಾಗಿ ಆಡಿದರು. ಕ್ಯಾಪಾಬ್ಲಾಂಕಾ 1942ರಲ್ಲಿ ತೀರಿಕೊಳ್ಳುವವರೆಗೂ ಆ ಮರುಪಂದ್ಯ ನಡೆಯಲಿಲ್ಲ. ಚೆಸ್ ಚರಿತ್ರೆಯಲ್ಲಿ ನನ್ನನ್ನು ಇಂದಿಗೂ ಕಾಡುವ ನಷ್ಟವಿದು.

1946ರಲ್ಲಿ ಅಲೆಖಿನ್ ಚಾಂಪಿಯನ್ ಆಗಿಯೇ ತೀರಿಕೊಂಡರು. ವಾರಸುದಾರರಿಲ್ಲದ ಪಟ್ಟವನ್ನು ವಿಶ್ವ ಚೆಸ್ ಸಂಸ್ಥೆ ಫಿಡೆ ಕೈಗೆತ್ತಿಕೊಂಡು, 1948ರಲ್ಲಿ ಐವರ ಟೂರ್ನಿ ನಡೆಸಿತು. ಗೆದ್ದವರು ಬೋಟ್ವಿನ್ನಿಕ್. ಮೂರು ವರ್ಷಕ್ಕೊಮ್ಮೆ, ಅರ್ಹತೆ ಗಳಿಸಿ ಬಂದವನ ಜೊತೆ ಆಡಲೇಬೇಕೆಂಬ ಕಟ್ಟಳೆ ಬಂದದ್ದು ಆಗ. ಸೋತ ಚಾಂಪಿಯನ್‌ಗೆ ಮರುಪಂದ್ಯದ ಹಕ್ಕು ಕೆಲಕಾಲ ಇತ್ತು. ಬೋಟ್ವಿನ್ನಿಕ್ 1958 ಮತ್ತು 1961ರಲ್ಲಿ ಪಟ್ಟ ಮರಳಿ ಪಡೆದದ್ದು ಅದರಿಂದಲೇ. 1975ರಲ್ಲಿ ಆಗಿನ ಚಾಂಪಿಯನ್ ಫಿಷರ್, ಗೆಲುವುಗಳು 9–9 ಆದರೆ ಪಟ್ಟ ತನಗೇ ಉಳಿಯಬೇಕೆಂದು ಹಟ ಹಿಡಿದರು. ಫಿಡೆ ಒಪ್ಪಲಿಲ್ಲ. ಕಾರ್ಪೊವ್ ಒಂದು ಕಾಯಿಯನ್ನೂ ನಡೆಸದೆ ಚಾಂಪಿಯನ್ ಆದರು.

ಕಾರ್ಲ್‌ಸನ್ ಹಾಗಲ್ಲ. ಆಡುವುದಿಲ್ಲವೆಂದು 2022ರಲ್ಲೇ ಹೇಳಿ ದಾರಿ ಬಿಟ್ಟರು, ಯಾರನ್ನೂ ಬಾಗಿಲಲ್ಲಿ ಕಾಯಿಸಲಿಲ್ಲ. ಡಿಂಗ್ ಆ ಪಟ್ಟವನ್ನು ನೆಪೊಮ್ನಿಯಾಚಿ ವಿರುದ್ಧ ಆಡಿಯೇ ಗೆದ್ದರು, ಗುಕೇಶ್ ಡಿಂಗ್ ವಿರುದ್ಧ ಆಡಿ. ಆ ಪಟ್ಟ ಹಗುರ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಪಟ್ಟವನ್ನು ಪಣಕ್ಕಿಟ್ಟವರಲ್ಲಿ ನಾನು ಮೊದಲು ನೆನೆಯುವುದು ಆನಂದ್ ಅವರನ್ನು. 2010ರಲ್ಲಿ ಎದುರಾಳಿ ಟೊಪಾಲೊವ್, ಪಂದ್ಯ ನಡೆದದ್ದು ಅವರದೇ ನೆಲ ಸೋಫಿಯಾದಲ್ಲಿ. ಐಸ್‌ಲ್ಯಾಂಡ್ ಜ್ವಾಲಾಮುಖಿಯ ಬೂದಿಯಿಂದ ವಿಮಾನಗಳು ನಿಂತಿದ್ದವು. ಆನಂದ್ ಫ್ರಾಂಕ್‌ಫರ್ಟ್‌ನಿಂದ ಸುಮಾರು 40 ಗಂಟೆ ರಸ್ತೆಯಲ್ಲೇ ಬಂದರು. ಮೂರು ದಿನ ಮುಂದೂಡಿ ಎಂದರೆ ಸಿಕ್ಕಿದ್ದು ಒಂದೇ ದಿನ. ಮೊದಲ ಆಟ ಸೋತರು. ಹನ್ನೊಂದು ಆಟ ಮುಗಿದಾಗ ಇಬ್ಬರದೂ ಸಮ. ಹನ್ನೆರಡನೆಯದನ್ನು ಕಪ್ಪು ಕಾಯಿ ಹಿಡಿದು ಗೆದ್ದರು.