ಪಾಲಾರ್ ಸೇತುವೆಯ ಈಚೆ, ಆಚೆ

ಮಾದೇಶ್ವರ ಬೆಟ್ಟದಿಂದ ಮೆಟ್ಟೂರಿನ ಕಡೆಗೆ ಹೊರಟ ಬಸ್ಸು ಪಾಲಾರ್ ಸೇತುವೆಗೆ ಬಂದಾಗ ‘ಕನ್ನಡ ಇಲ್ಲಿಗೆ ಮುಗೀತು’ ಎನ್ನುವವರನ್ನು ಕೇಳಿದ್ದೇನೆ. ಎದುರು ದಿಕ್ಕಿನಿಂದ ಬರುವವರು ‘ತಮಿಳು ಮುಗೀತು’ ಎಂದುಕೊಳ್ಳುತ್ತಾರೆ. ಎರಡೂ ತಪ್ಪು. ಸೇತುವೆಯ ಮೇಲೆ ಮುಗಿಯುವುದು ರಾಜ್ಯ ಮಾತ್ರ.

ಈ ತಪ್ಪಿನ ಬೇರು ಒಂದು ತಾರೀಖಿನ ಮರೆವಿನಲ್ಲಿದೆ. 1956ರ ನವೆಂಬರ್ 1ರ ತನಕ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿರಲಿಲ್ಲ. ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ರಾಜ್ಯಗಳ ಮರುವಿಂಗಡಣೆಯಲ್ಲಿ ಅದು ಈಚೆ ಬಂತು, ಪಕ್ಕದ ತಾಳವಾಡಿ ಆಚೆ ಉಳಿಯಿತು. ಆಗ ಆ ತಾಲ್ಲೂಕಿನಲ್ಲಿದ್ದ ಗಡಿಯೂರು ಗೋಪಿನಾಥಂನಲ್ಲಿ ತಮಿಳು ಕೇಳಿಸಿದ ಕೂಡಲೇ ‘ಇವರೆಲ್ಲ ಆಚೆಯಿಂದ ಬಂದು ಸೇರಿಕೊಂಡವರು’ ಎಂದು ತೀರ್ಮಾನಿಸುವವರು ಇದನ್ನು ನೆನಪಿಡಬೇಕು. ಎರಡು ಭಾಷೆಯ ಜನ ಒಂದೇ ಜಿಲ್ಲೆಯಲ್ಲಿ ಬಾಳುತ್ತಿದ್ದಾಗಲೇ ನಡುವೆ ಗೆರೆ ಬಿತ್ತು.

ಕನ್ನಡದ ನಟ ರಾಜ್‌ಕುಮಾರ್ ಅವರನ್ನೇ ನೋಡಿ. 1929ರಲ್ಲಿ ಅವರು ಹುಟ್ಟಿದ ಗಾಜನೂರು ತಾಳವಾಡಿ ಸೀಮೆಯದು, ಇಂದು ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿದೆ. 2000ದ ಜುಲೈ 30ರಂದು ಅವರನ್ನು ಅಲ್ಲಿಂದಲೇ ಅಪಹರಿಸಿ 108 ದಿನ ಕಾಡಿನಲ್ಲಿಟ್ಟ ಕಾಡುಗಳ್ಳ ವೀರಪ್ಪನ್ ಹುಟ್ಟಿದ್ದು ಗೋಪಿನಾಥಂನಲ್ಲಿ, ಅಂದರೆ ಇಂದಿನ ಕರ್ನಾಟಕದಲ್ಲಿ. ಇಬ್ಬರೂ ಹುಟ್ಟಿದ ಕಾಲಕ್ಕೆ ಎರಡು ಊರೂ ಕೊಯಮತ್ತೂರು ಜಿಲ್ಲೆಯವೇ. ಅಪಹರಣದ ಆ ದಿನಗಳಲ್ಲಿ ಕನ್ನಡಿಗರು, ತಮಿಳರು ಎಂದು ನಾಡೇ ಎರಡಾಗಿ ಬೇಯುತ್ತಿದ್ದಾಗ ಈ ಮಾತು ಯಾರ ಕಿವಿಗೂ ಬೀಳುವಂತಿರಲಿಲ್ಲ. ಅಣ್ಣಾವ್ರ ಮೊದಲ ಹೆಸರು ಮುತ್ತುರಾಜ. ‘ಮುತ್ತು’ ಎಂದೊಡನೆ ಅದನ್ನು ತಮಿಳು ಹೆಸರೆಂದು ಬಗೆಯುವವರೂ ಇದ್ದಾರೆ. ಅದು ಕಾವೇರಿ ದಂಡೆಯ ದೇವರು ಮುತ್ತತ್ತಿರಾಯನ ಹೆಸರು.

ಇನ್ನೊಂದು ನಂಬಿಕೆ ನನಗೆ ನೋವು ತರುತ್ತದೆ. ಗೋಪಿನಾಥಂ, ಪಾಲಾರ್ ಕಡೆಯವರೆಂದರೆ ‘ವೀರಪ್ಪನ್ ಕಡೆಯವರು’ ಎನ್ನುವ ಮಾತು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ವೀರಪ್ಪನ್ ಗುಂಪು ಇಟ್ಟ ನೆಲಬಾಂಬ್ ಸಿಡಿದು 22 ಜನ ಸತ್ತರು. ಅವರಲ್ಲಿ ಪೊಲೀಸರಿಗಿಂತ ಅವರಿಗೆ ಸುಳಿವು ಕೊಡುತ್ತಿದ್ದ, ಕಾಡಿನ ದಾರಿ ತೋರಿಸುತ್ತಿದ್ದ ಜನರೇ ಹೆಚ್ಚು. ಅದಕ್ಕೂ ಮೊದಲು, 1991ರ ನವೆಂಬರ್ 10ರಂದು, ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ವೀರಪ್ಪನ್ ಶರಣಾಗತಿಯ ಆಸೆ ತೋರಿಸಿ ಕರೆಸಿಕೊಂಡು ಕೊಂದ. ಶ್ರೀನಿವಾಸ್ ಗೋಪಿನಾಥಂನಲ್ಲೇ ಉಳಿದು ಕಾಯಿಲೆಯವರಿಗೆ ಔಷಧಿ ಕೊಡಿಸಿದವರು, ಊರಿನವರಿಗಾಗಿ ಮಾರಿಯಮ್ಮನ ಗುಡಿ ಕಟ್ಟಿಸಿದವರು. ಆ ಊರಿನ ಜನ ಅವರ ಪಟವಿಟ್ಟು ಇಂದಿಗೂ ಕೈಮುಗಿಯುತ್ತಾರೆ. ಅಧಿಕಾರಿಯೊಬ್ಬನನ್ನು ದೇವರ ಪಕ್ಕದಲ್ಲಿ ಕೂರಿಸಿಕೊಂಡ ಊರಿಗೆ ಕಾಡುಗಳ್ಳನ ಹೆಸರನ್ನೇ ಅಂಟಿಸುವುದು ಅನ್ಯಾಯ.

ಹೊಳೆಯ ಬಗೆಗೂ ಒಂದು ಗೊಂದಲವಿದೆ. ನಂದಿಬೆಟ್ಟದ ಕಡೆ ಹುಟ್ಟಿ, ಕೋಲಾರ, ವೆಲ್ಲೂರು ದಾಟಿ ಬಂಗಾಳ ಕೊಲ್ಲಿ ಸೇರುವ ಪಾಲಾರ್ ಬೇರೆ. ನಮ್ಮದು ಗಡಿಯುದ್ದಕ್ಕೂ ಹರಿದು ಮೆಟ್ಟೂರಿಗಿಂತ ಮೇಲೆ ಕಾವೇರಿಗೆ ಬೀಳುವ ಚಿಕ್ಕ ಹೊಳೆ. ಹೆಸರಿನಲ್ಲಿ ‘ಪಾಲ್’ ಇದೆಯೆಂದು ಅದನ್ನು ಪೂರಾ ತಮಿಳಿಗೆ ಬಿಟ್ಟುಕೊಡಬೇಕಿಲ್ಲ. ಹಳಗನ್ನಡದಲ್ಲಿ ಹಾಲಿಗೆ ‘ಪಾಲ್’ ಎಂದೇ ಹೆಸರು.

ಆಚೆ ದಡದಲ್ಲಿ ಬರೀ ತಮಿಳು ಎಂದುಕೊಂಡವರು ಬರಗೂರು ಬೆಟ್ಟ ಹತ್ತಿ ನೋಡಬೇಕು. ಈರೋಡ್ ಜಿಲ್ಲೆಯ ಆ ಬೆಟ್ಟದಲ್ಲಿ ಕಂದು ಮೈಮೇಲೆ ಬಿಳಿ ಮಚ್ಚೆಯ, ಚುರುಕು ಕಾಲಿನ ಬರಗೂರು ತಳಿಯ ದನಗಳನ್ನು ತಲೆಮಾರುಗಳಿಂದ ಸಾಕಿಕೊಂಡು ಬಂದವರು ಕನ್ನಡ ಮಾತಾಡುವ ಲಿಂಗಾಯತರು. ತಮಿಳುನಾಡಿನ ಹೆಮ್ಮೆಯ ತಳಿಗಳಲ್ಲಿ ಅದೂ ಒಂದು. ಕೊಟ್ಟಿಗೆಯಲ್ಲಿ ಅವನ್ನು ಕೂಗಿ ಕರೆಯುವುದು ಮಾತ್ರ ಕನ್ನಡದಲ್ಲಿ.