ಒಂದೂವರೆ ಚಮಚ ನೀಲಿ

ಹಾಸನದ ಕಡೆಯ ಓದುಗರೊಬ್ಬರು, ನಿವೃತ್ತ ಮೇಷ್ಟ್ರು, ಎರಡು ಪುಟ ತುಂಬ ಪತ್ರ ಬರೆದಿದ್ದಾರೆ. ಭೂಮಿ ಬಿಸಿಯಾಗುತ್ತಿರುವ ಬಗ್ಗೆ ಈ ಅಂಕಣದಲ್ಲಿ ಹಿಂದೆ ಬರೆದದ್ದು ಅವರ ಮನಸ್ಸಿಗೆ ಒಪ್ಪಿಲ್ಲ. ‘ಗಾಳಿಯ ಹತ್ತು ಸಾವಿರ ಪಾಲಿನಲ್ಲಿ ನಾಲ್ಕೇ ನಾಲ್ಕು ಪಾಲು ಕಾರ್ಬನ್ ಡೈಆಕ್ಸೈಡ್. ಹತ್ತು ಸಾವಿರ ಜನ ಸೇರಿದ ಜಾತ್ರೆಯಲ್ಲಿ ನಾಲ್ಕು ಜನ ಏನು ಮಾಡಿಯಾರು ಸ್ವಾಮಿ? ನನಗಂತೂ ನಂಬಿಕೆಯಿಲ್ಲ. ಕೋಪ ಮಾಡಿಕೊಳ್ಳಬೇಡಿ’ ಎಂದು ಕೇಳಿದ್ದಾರೆ.

ಮೇಷ್ಟ್ರೇ, ಕೋಪವಿಲ್ಲ. ಜಾತ್ರೆಯ ಹೋಲಿಕೆ ಸೊಗಸಾಗಿದೆ. ಆ ನಾಲ್ವರೂ ಜೇಬುಗಳ್ಳರಾಗಿದ್ದರೆ ಏನಾದೀತು ಅನ್ನುವುದನ್ನು ಮಾತ್ರ ನೀವು ಯೋಚಿಸಿದಂತಿಲ್ಲ. ಇರಲಿ, ಜಾತ್ರೆ ಬಿಟ್ಟು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬನ್ನಿ. ಬಿಳಿ ಪಂಚೆಗೆ ನೀಲಿ ಹಾಕುವುದನ್ನು ಸಾವಿರ ಸಲ ನೋಡಿದ್ದೀರಿ. ಇಪ್ಪತ್ತು ಲೀಟರಿನ ಬಕೆಟ್ಟು ತುಂಬ ನೀರು ಅಂದರೆ 20,000 ಮಿಲಿಲೀಟರ್. ಅದರಲ್ಲಿ ಹತ್ತು ಸಾವಿರಕ್ಕೆ ನಾಲ್ಕು ಪಾಲು ಎಷ್ಟಾಯಿತು? ಎಂಟು ಮಿಲಿಲೀಟರ್, ಅಂದರೆ ಒಂದೂವರೆ ಚಮಚ. ಅಷ್ಟು ನೀಲಿ ಸುರಿದು ನೋಡಿ. ಆ ನೀರಿನಲ್ಲಿ ಅದ್ದಿದ ಪಂಚೆ ಉಟ್ಟುಕೊಂಡು ಮದುವೆಮನೆಗೆ ಹೋಗುವಂತಿರುವುದಿಲ್ಲ. ‘ನೂರಕ್ಕೆ 99.96 ಪಾಲು ನೀರೇ ಅಲ್ಲವೇ’ ಎಂದು ಅಗಸನ ಹತ್ತಿರ ವಾದ ಮಾಡಿದರೆ ಅವನು ನಕ್ಕಾನು. ಬಕೆಟ್ಟಿನ ನೀರು ಬೆಳಕಿಗೆ ಅಡ್ಡ ಬರುವುದೇ ಇಲ್ಲ, ಆದ್ದರಿಂದ ಅದು ಎಷ್ಟಿದ್ದರೂ ಒಂದೇ. ಅಡ್ಡ ಬರುವುದು ನೀಲಿ.

ಗಾಳಿಯದೂ ಇದೇ ಕಥೆ. ಸಾರಜನಕ, ಆಮ್ಲಜನಕ ಎರಡೂ ಸೇರಿ ಒಣಗಾಳಿಯ ನೂರಕ್ಕೆ 99 ಪಾಲು. ನೆಲದಿಂದ ಮೇಲೇಳುವ ಕಾವು, ಅಂದರೆ ಅವಗೆಂಪು ಕಿರಣ, ಅವುಗಳ ಮೂಲಕ ಗಾಜಿನಲ್ಲಿ ಬೆಳಕು ಹಾದಂತೆ ಹಾದುಹೋಗುತ್ತದೆ. ಹಿಡಿದು ನಿಲ್ಲಿಸುವವರು ನೀರಾವಿ, ಕಾರ್ಬನ್ ಡೈಆಕ್ಸೈಡ್ ಮತ್ತು ಇನ್ನು ಕೆಲವು ಪುಡಿ ಅನಿಲಗಳು. ಇದು ಯಾರೋ ಕಂಪ್ಯೂಟರ್ ಮುಂದೆ ಕೂತು ಕಟ್ಟಿದ ಮಾತಲ್ಲ. 1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಎಂಬಾಕೆ ಗಾಜಿನ ಕೊಳವೆಗಳಲ್ಲಿ ಬೇರೆಬೇರೆ ಅನಿಲ ತುಂಬಿ, ಥರ್ಮಾಮೀಟರ್ ಇಟ್ಟು ಬಿಸಿಲಿಗೆ ಹಿಡಿದರು. ಕಾರ್ಬನ್ ಡೈಆಕ್ಸೈಡ್ ತುಂಬಿದ ಕೊಳವೆ ಎಲ್ಲಕ್ಕಿಂತ ಹೆಚ್ಚು ಕಾದಿತು. ಆಕೆಯ ಪ್ರಬಂಧವನ್ನು ಆ ವರ್ಷದ ವಿಜ್ಞಾನ ಸಭೆಯಲ್ಲಿ ಓದಿದ್ದು ಜೋಸೆಫ್ ಹೆನ್ರಿ ಎಂಬ ಗಂಡಸು. ಆಮೇಲೆ ಒಂದೂವರೆ ಶತಮಾನ ಆಕೆಯ ಹೆಸರೇ ಯಾರಿಗೂ ನೆನಪಿರಲಿಲ್ಲ. 1859ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಜಾನ್ ಟಿಂಡಾಲ್ ಅವಗೆಂಪು ಕಿರಣವನ್ನೇ ಬಳಸಿ ಯಾವ ಅನಿಲ ಎಷ್ಟು ತಡೆಯುತ್ತದೆಂದು ಒಂದೊಂದಾಗಿ ಅಳೆದ. ನಮ್ಮಲ್ಲಿ ಸಿಪಾಯಿ ದಂಗೆ ಅಡಗಿದ ಹೊತ್ತಿಗೇ ಈ ಅನಿಲದ ಗುಣ ಗೊತ್ತಾಗಿತ್ತು ಅನ್ನಿ.

1896ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ ಸುಮಾರು ಒಂದು ವರ್ಷ ಕಾಗದ ಪೆನ್ಸಿಲ್ ಹಿಡಿದು ಕೂತು, ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಇಮ್ಮಡಿಯಾದರೆ ಭೂಮಿ ಐದಾರು ಡಿಗ್ರಿ ಬಿಸಿಯಾಗುತ್ತದೆ ಎಂದು ಲೆಕ್ಕ ಹಾಕಿದ. ಇಂದಿನ ಅಂದಾಜು ಸುಮಾರು ಮೂರು ಡಿಗ್ರಿ. ಕೈಲೆಕ್ಕಕ್ಕೆ ಅದೇನೂ ದೊಡ್ಡ ತಪ್ಪಲ್ಲ. ಅರೇನಿಯಸ್‌ಗೆ ಇದರಿಂದ ಭಯವೂ ಆಗಲಿಲ್ಲ. ಸ್ವೀಡನ್ನಿನ ಚಳಿಯಲ್ಲಿ ಕೂತವನಿಗೆ ಬೆಚ್ಚಗಿನ ಭೂಮಿ ಬೇಡವೇ?

ಇಲ್ಲಿಂದ ಮುಂದಿನ ಅಧ್ಯಾಯ ನನಗೆ ಬಹಳ ಇಷ್ಟ, ಏಕೆಂದರೆ ಇಲ್ಲಿ ಮೊದಲ ನಿಜವಾದ ಶಂಕಾವಾದಿ ಬರುತ್ತಾನೆ. ಅವನೂ ಸ್ವೀಡನ್ನಿನವನೇ, ನುಟ್ ಆಂಗ್‌ಸ್ಟ್ರೋಮ್. 1900ರಲ್ಲಿ ಅವನ ಸಹಾಯಕ 30 ಸೆಂಟಿಮೀಟರಿನ ಕೊಳವೆಯಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿ ಅವಗೆಂಪು ಕಿರಣ ಹಾಯಿಸಿದ. ಆಮೇಲೆ ಅನಿಲವನ್ನು ಮೂರನೇ ಒಂದು ಪಾಲು ಕಡಿಮೆ ಮಾಡಿ ಮತ್ತೆ ಹಾಯಿಸಿದ. ಹೆಚ್ಚುಕಡಿಮೆ ಏನೂ ವ್ಯತ್ಯಾಸವಾಗಲಿಲ್ಲ! ತಡೆಯಬೇಕಾದ ಕಿರಣವನ್ನೆಲ್ಲ ಇರುವ ಅನಿಲವೇ ತಡೆದಾಗಿದೆ, ಸಾಲದ್ದಕ್ಕೆ ನೀರಾವಿಯೂ ಅದೇ ಕಿರಣಗಳನ್ನು ಹೀರುತ್ತದೆ, ಇನ್ನಷ್ಟು ಕಾರ್ಬನ್ ಡೈಆಕ್ಸೈಡ್ ಸೇರಿಸಿದರೆ ಆಗುವುದೇನು ಎಂದು ಆಂಗ್‌ಸ್ಟ್ರೋಮ್ ಕೇಳಿದ. ನಮ್ಮ ಬಕೆಟ್ಟಿನ ಭಾಷೆಯಲ್ಲಿ ಹೇಳುವುದಾದರೆ, ತಳ ಕಾಣದಷ್ಟು ನೀಲಿ ಆಗಿದೆ, ಇನ್ನೊಂದು ಚಮಚ ಸುರಿದರೂ ಬಕೆಟ್ಟು ನೀಲಿಯೇ. ಈ ಮಾತಿಗೆ ಬಂದ ಉತ್ತರವನ್ನು ಆಗ ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. ಅರೇನಿಯಸ್‌ನ ಲೆಕ್ಕ ಮೂಲೆ ಸೇರಿತು. ಸುಮಾರು ಅರ್ಧ ಶತಮಾನ ಹವಾಮಾನ ತಜ್ಞರಲ್ಲಿ ಹೆಚ್ಚಿನವರು ಆಂಗ್‌ಸ್ಟ್ರೋಮನ ಕಡೆಗೇ ಇದ್ದರು. ವಿಜ್ಞಾನಿಗಳೆಲ್ಲ ಸೇರಿ ಈ ಕಥೆ ಕಟ್ಟಿದ್ದಾರೆ ಎನ್ನುವವರು ಈ ಐವತ್ತು ವರ್ಷವನ್ನು ನೆನಪಿಟ್ಟುಕೊಳ್ಳಬೇಕು.

ಹಾಗಾದರೆ ಆಂಗ್‌ಸ್ಟ್ರೋಮ್ ಎಡವಿದ್ದೆಲ್ಲಿ? ಅವನು ಬಕೆಟ್ಟನ್ನು ಪಕ್ಕದಿಂದ ನೋಡಿದ. ನೋಡಬೇಕಾದದ್ದು ಮೇಲಿನಿಂದ. ಬಕೆಟ್ಟಿನ ಮೇಲೆ ಬಗ್ಗಿ ನಿಂತು ಒಂದೊಂದೇ ಹನಿ ನೀಲಿ ಹಾಕುತ್ತ ಕಲಕಿ. ಮೊದಲು ತಳದಲ್ಲಿ ಬಿದ್ದ ನಾಣ್ಯ ಕಾಣುತ್ತದೆ. ಆಮೇಲೆ ಮಸುಕಾಗುತ್ತದೆ. ಆಮೇಲೆ ಕಾಣುವುದೇ ಇಲ್ಲ. ಇಲ್ಲಿಗೆ ಆಟ ಮುಗಿಯಿತು ಎಂದುಕೊಳ್ಳಬೇಡಿ. ಈಗ ಒಂದು ಬಿಳಿ ಚಮಚವನ್ನು ಮೆಲ್ಲಗೆ ಇಳಿಬಿಡಿ. ಒಂದು ಗೇಣು ಆಳದವರೆಗೆ ಕಾಣುತ್ತದೆ ಅನ್ನೋಣ. ಇನ್ನಷ್ಟು ನೀಲಿ ಹಾಕಿದರೆ ಅರ್ಧ ಗೇಣಿನಲ್ಲೇ ಮರೆಯಾಗುತ್ತದೆ. ತಳ ಎಂದೋ ಮುಚ್ಚಿಹೋಗಿದ್ದರೂ ಕಣ್ಣಿಗೆ ಎಟಕುವ ಮಟ್ಟ ಮೇಲಕ್ಕೆ ಬರುತ್ತಲೇ ಇರುತ್ತದೆ.

ಬಾಹ್ಯಾಕಾಶದಿಂದ ಅವಗೆಂಪು ಕಣ್ಣಿನಲ್ಲಿ ಭೂಮಿಯನ್ನು ನೋಡಿದರೂ ಹೀಗೇ. ಕಾರ್ಬನ್ ಡೈಆಕ್ಸೈಡ್ ತಡೆಯುವ ಬಣ್ಣಗಳಲ್ಲಿ ನೆಲ ಕಾಣುವುದೇ ಇಲ್ಲ. ಕಾಣುವುದು ಎಷ್ಟೋ ಕಿಲೋಮೀಟರ್ ಮೇಲಿನ ತೆಳುಗಾಳಿಯ ಪದರ, ಕಾವು ಆಕಾಶಕ್ಕೆ ಜಾರಿಕೊಳ್ಳುವುದು ಅಲ್ಲಿಂದ. ಅಷ್ಟೆತ್ತರದ ಗಾಳಿ ಒಣಗಾಳಿ, ಆಂಗ್‌ಸ್ಟ್ರೋಮ್ ನೆಚ್ಚಿಕೊಂಡ ನೀರಾವಿ ಅಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅನಿಲ ಹೆಚ್ಚಾದಂತೆ ಈ ಪದರ ಇನ್ನೂ ಮೇಲಕ್ಕೆ ಸರಿಯುತ್ತದೆ. ಮೇಲೆ ಹೋದಷ್ಟೂ ಚಳಿ, ಮುಳ್ಳಯ್ಯನಗಿರಿ ಹತ್ತಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಕಿಲೋಮೀಟರಿಗೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ತಣ್ಣಗಿನ ಪದರ ಹೊರಗೆ ಬಿಡುವ ಕಾವು ಕಡಿಮೆ. ಸೂರ್ಯನಿಂದ ಬರುವ ಆದಾಯ ಅಷ್ಟೇ ಇದ್ದು ಖರ್ಚು ಕಡಿಮೆಯಾದರೆ ಗಂಟು ಬೆಳೆಯುತ್ತದೆ. ಭೂಮಿಯ ಮಟ್ಟಿಗೆ ಆ ಗಂಟು ಬಿಸಿ.

ಈ ಉತ್ತರ ಒಂದೇ ಸಲಕ್ಕೆ ಬರಲಿಲ್ಲ. 1938ರಲ್ಲಿ ಗೈ ಕ್ಯಾಲೆಂಡರ್ ಎಂಬ ಬ್ರಿಟಿಷ್ ಎಂಜಿನಿಯರ್, ವೃತ್ತಿಯಿಂದ ಹಬೆಯ ತಜ್ಞ, ಲೋಕದ ನಾನಾ ಹವಾಮಾನ ಕೇಂದ್ರಗಳ ಲೆಕ್ಕಪುಸ್ತಕ ಕೂಡಿಸಿ ಭೂಮಿ ಆಗಲೇ ಬಿಸಿಯಾಗತೊಡಗಿದೆ ಎಂದು ತೋರಿಸಿದ. ಲಂಡನ್ನಿನ ಪಂಡಿತರು ಮರ್ಯಾದೆಯಿಂದ ಕೇಳಿಸಿಕೊಂಡು ನಂಬದೆ ಎದ್ದುಹೋದರು. ಎರಡನೇ ಮಹಾಯುದ್ಧದ ನಂತರ ಅಮೆರಿಕದ ವಾಯುಪಡೆಗೆ ಶತ್ರು ವಿಮಾನದ ಎಂಜಿನ್ನಿನ ಕಾವನ್ನು ಹುಡುಕಿಕೊಂಡು ಹೋಗುವ ಕ್ಷಿಪಣಿ ಬೇಕಾಯಿತು. ಅದಕ್ಕಾಗಿ ಮೇಲಿನ ಗಾಳಿಯಲ್ಲಿ ಅವಗೆಂಪು ಕಿರಣ ಹೇಗೆ ಹಾಯುತ್ತದೆಂದು ಕೂಲಂಕಷವಾಗಿ ಅಳೆದರು. ನೆಲಮಟ್ಟದ ಒತ್ತಡದಲ್ಲಿ ಒಂದಕ್ಕೊಂದು ಅಂಟಿಕೊಂಡಂತೆ ಕಾಣುವ ಹೀರಿಕೆಯ ಪಟ್ಟೆಗಳು ತೆಳುಗಾಳಿಯಲ್ಲಿ ಬಾಚಣಿಗೆಯ ಹಲ್ಲಿನಂತೆ ಬಿಡಿಬಿಡಿಯಾಗುತ್ತವೆ, ಸಂದಿಯಲ್ಲಿ ಕಾವು ನುಸುಳುತ್ತದೆ ಎಂಬುದು ಆಗ ಸ್ಪಷ್ಟವಾಯಿತು. 1956ರಲ್ಲಿ ಗಿಲ್ಬರ್ಟ್ ಪ್ಲಾಸ್ ಕಂಪ್ಯೂಟರಿನಲ್ಲಿ ಈ ಲೆಕ್ಕವನ್ನೆಲ್ಲ ಮಾಡಿ ಆಂಗ್‌ಸ್ಟ್ರೋಮನ ಆಕ್ಷೇಪಕ್ಕೆ ಉತ್ತರ ಕೊಟ್ಟ. ಎರಡು ವರ್ಷದ ನಂತರ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ ಅನಿಲ ಅಳೆಯಲು ಶುರುಮಾಡಿದಾಗ ಹತ್ತು ಲಕ್ಷಕ್ಕೆ ಸುಮಾರು 315 ಪಾಲು ಇತ್ತು. ಈಗ 420 ದಾಟಿದೆ. ಕಾರ್ಖಾನೆಯುಗಕ್ಕೆ ಮೊದಲು ಇದ್ದದ್ದು 280. ಬಕೆಟ್ಟಿನ ಲೆಕ್ಕದಲ್ಲಿ ಒಂದು ಚಮಚಕ್ಕಿಂತ ತುಸು ಹೆಚ್ಚು ಇದ್ದದ್ದು ಒಂದೂವರೆ ಚಮಚ ಮೀರಿತು.

ಬಕೆಟ್ಟನ್ನು ನಿಜಕ್ಕೂ ಮೇಲಿನಿಂದ ನೋಡಿದವರೂ ಇದ್ದಾರೆ. 1970ರಲ್ಲಿ ನಿಂಬಸ್-4 ಉಪಗ್ರಹ, 1997ರಲ್ಲಿ ಜಪಾನಿನ ಉಪಗ್ರಹವೊಂದು ಭೂಮಿಯಿಂದ ಹೊರಬೀಳುವ ಅವಗೆಂಪು ಕಿರಣವನ್ನು ಬಣ್ಣಬಣ್ಣವಾಗಿ ಬಿಡಿಸಿ ದಾಖಲಿಸಿದವು. ಲಂಡನ್ನಿನ ಜಾನ್ ಹ್ಯಾರೀಸ್ ಮತ್ತು ಸಂಗಡಿಗರು ಎರಡನ್ನೂ ಅಕ್ಕಪಕ್ಕ ಇಟ್ಟು 2001ರಲ್ಲಿ ಹೋಲಿಸಿದರು. ಕಾರ್ಬನ್ ಡೈಆಕ್ಸೈಡ್, ಮೀಥೇನ್ ಹೀರುವ ಜಾಗಗಳಲ್ಲೇ ಹೊರಹೋಗುವ ಕಾವು ಕಡಿಮೆಯಾಗಿತ್ತು. ಬಿಸಿಗೆ ಸೂರ್ಯನೇ ಕಾರಣವಿರಬಾರದೇಕೆ ಎಂಬ ಪ್ರಶ್ನೆಗೂ ಉತ್ತರ ಮೇಲಿನಿಂದಲೇ ಬಂತು. ಸೂರ್ಯ ಹೆಚ್ಚು ಸುಟ್ಟರೆ ಗಾಳಿಯ ಎಲ್ಲ ಪದರಗಳೂ ಕಾಯಬೇಕು. ಕಾರ್ಬನ್ ಡೈಆಕ್ಸೈಡ್ ಕಾರಣವಾದರೆ ಕೆಳಗೆ ಬಿಸಿ, ಮೇಲಿನ ಸ್ತರಗೋಳ ತಂಪು ಎಂದು ಸ್ಯುಕುರೊ ಮನಾಬೆ 1967ರಲ್ಲೇ ಸಂಗಡಿಗನೊಂದಿಗೆ ಲೆಕ್ಕ ಹಾಕಿ ಹೇಳಿದ್ದರು. ಆಗಿರುವುದು ಹಾಗೆಯೇ. 2021ರಲ್ಲಿ ಅವರಿಗೆ ನೊಬೆಲ್ ಬಂತು.

‘ಥರ್ಮಾಮೀಟರುಗಳೆಲ್ಲ ಊರೊಳಗಿವೆ, ಕಾಂಕ್ರೀಟು ಕಾದಿದ್ದನ್ನು ಭೂಮಿ ಕಾಯಿತು ಅಂತೀರಿ’ ಎನ್ನುವುದು ಮೇಷ್ಟ್ರ ಪತ್ರದ ಎರಡನೇ ಪುಟ. ಕೆರೆ ಮುಚ್ಚಿ ಬಡಾವಣೆ ಕಟ್ಟಿದ ಬೆಂಗಳೂರನ್ನು ಕಂಡವರಿಗೆ ಇದು ಸಹಜ ಅನುಮಾನ. ಕ್ಯಾಲಿಫೋರ್ನಿಯದ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್‌ಗೂ ಇದೇ ಅನುಮಾನವಿತ್ತು. ಅವರು ತಕರಾರು ಹೇಳಿ ಸುಮ್ಮನೆ ಕೂರಲಿಲ್ಲ, ತಂಡ ಕಟ್ಟಿದರು. ಹಣ ಕೊಟ್ಟವರಲ್ಲಿ ತೈಲೋದ್ಯಮದ ದೊಡ್ಡ ಕುಳ ಚಾರ್ಲ್ಸ್ ಕೋಕ್ ಅವರ ಪ್ರತಿಷ್ಠಾನವೂ ಇತ್ತು. ಪ್ರಸಿದ್ಧ ಶಂಕಾವಾದಿಯೊಬ್ಬರು ಫಲಿತಾಂಶ ಏನೇ ಬರಲಿ ಒಪ್ಪುತ್ತೇನೆ ಎಂದು ಮುಂಚಿತವಾಗಿಯೇ ಸಾರಿದರು. ಮುಲ್ಲರ್ ತಂಡ 36,000ಕ್ಕೂ ಹೆಚ್ಚು ಕೇಂದ್ರಗಳ ದಾಖಲೆ ಜಾಲಾಡಿತು. ಪೇಟೆಯಿಂದ ಬಹುದೂರದ ಹಳ್ಳಿಗಾಡಿನ ಕೇಂದ್ರಗಳನ್ನೇ ಬೇರ್ಪಡಿಸಿ ನೋಡಿತು. ಏರಿಕೆ ಅಲ್ಲೂ ಅಷ್ಟೇ ಇತ್ತು. ನೆಲದ ಮೇಲಿನ ತಾಪ 250 ವರ್ಷಗಳಲ್ಲಿ ಸುಮಾರು 1.5 ಡಿಗ್ರಿ ಸೆಲ್ಸಿಯಸ್ ಏರಿದೆ, ಅದಕ್ಕೆ ಹೆಚ್ಚುಕಡಿಮೆ ಪೂರ್ತಿ ಕಾರಣ ಮನುಷ್ಯನೇ ಎಂದು ಮುಲ್ಲರ್ 2012ರಲ್ಲಿ ಪತ್ರಿಕೆಯಲ್ಲಿ ಬರೆದು, ತಾನು ಮನಸ್ಸು ಬದಲಾಯಿಸಿದ್ದೇನೆ ಎಂದು ಒಪ್ಪಿಕೊಂಡರು. ಏನೇ ಬರಲಿ ಒಪ್ಪುತ್ತೇನೆ ಎಂದಿದ್ದವರು ಒಪ್ಪಲಿಲ್ಲ. ಅನುಮಾನಕ್ಕೂ ಹಟಕ್ಕೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಗೊತ್ತಿಲ್ಲ.

ಅನುಮಾನವನ್ನು ಸರಕಿನಂತೆ ಮಾರುವವರೂ ಇದ್ದಾರೆ. ಸಿಗರೇಟು ಕಂಪನಿಗಳು ಅದರ ಮೊದಲ ವರ್ತಕರು. ಎಕ್ಸಾನ್ ಕಂಪನಿಯ ಸ್ವಂತ ವಿಜ್ಞಾನಿಗಳು 1970-80ರ ದಶಕಗಳಲ್ಲೇ ಹತ್ತು ವರ್ಷಕ್ಕೆ ಸುಮಾರು 0.2 ಡಿಗ್ರಿ ಏರುತ್ತದೆಂದು ಲೆಕ್ಕ ಹಾಕಿಕೊಟ್ಟಿದ್ದರು, ಅದು ಬಹುಮಟ್ಟಿಗೆ ಸರಿಯಾಗಿತ್ತು ಎಂದು 2023ರ ಅಧ್ಯಯನವೊಂದು ತೋರಿಸಿತು. ಅದೇ ಕಂಪನಿ ಹೊರಗೆ ಜನರಿಗೆ ಹೇಳುತ್ತ ಬಂದದ್ದು ವಿಜ್ಞಾನ ಇನ್ನೂ ಖಚಿತವಾಗಿಲ್ಲವೆಂದು.

ಆದರೆ ಎಲ್ಲ ತಪ್ಪನ್ನೂ ಅವರ ತಲೆಗೆ ಕಟ್ಟಿದರೆ ನ್ಯಾಯವಾಗುವುದಿಲ್ಲ. ಒಂದು ಜೋರು ಮಳೆ ಬಂದರೆ ‘ಪ್ರಳಯ’ ಎಂದು ಕೂಗುವ ಟೀವಿಯವರು ನನ್ನಂಥವರ ಕೆಲಸವನ್ನು ಕೆಡಿಸಿದಷ್ಟು ತೈಲ ಕಂಪನಿಗಳೂ ಕೆಡಿಸಿಲ್ಲ. ವಿಜ್ಞಾನಿಗಳೂ ಎಡವಿದ್ದುಂಟು. ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ ಮಾಯವಾಗಬಹುದು ಎಂಬ ಸಾಲು ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2007ರ ವರದಿಯೊಳಗೆ ಸರಿಯಾದ ಆಧಾರವಿಲ್ಲದೆ ನುಸುಳಿತ್ತು. 2009ರಲ್ಲಿ ನಮ್ಮ ಹಿಮನದಿ ತಜ್ಞ ವಿ.ಕೆ. ರೈನಾ ಬೇರೆಯದೇ ಚಿತ್ರ ಕೊಡುವ ವರದಿ ಬರೆದರು. ಅದನ್ನು ಹೊರತಂದವರು ಆಗಿನ ಪರಿಸರ ಸಚಿವ, ಚಿಕ್ಕಮಗಳೂರಿನಲ್ಲಿ ಹುಟ್ಟಿದ ಜೈರಾಮ್ ರಮೇಶ್. ಐಪಿಸಿಸಿಯ ಅಧ್ಯಕ್ಷ ಪಚೌರಿ ಅದನ್ನು ಮಾಟಮಂತ್ರದ ವಿಜ್ಞಾನ ಎಂದು ಹಂಗಿಸಿದರು. 2010ರ ಜನವರಿಯಲ್ಲಿ ಅದೇ ಐಪಿಸಿಸಿ ತಪ್ಪೊಪ್ಪಿ ವಿಷಾದ ಸೂಚಿಸಬೇಕಾಯಿತು. ಆ ಅಹಂಕಾರದ ಬೆಲೆಯನ್ನು ನಾವು ಇಂದಿಗೂ ತೆರುತ್ತಿದ್ದೇವೆ. ಹಾಗೆಂದು ಹಿಮಾಲಯ ಕ್ಷೇಮವಾಗಿದೆ ಎಂದಲ್ಲ. ಅಮೆರಿಕದ ಹಳೆಯ ಬೇಹುಗಾರಿಕೆ ಉಪಗ್ರಹಗಳ ಚಿತ್ರಗಳನ್ನು ಬಳಸಿ ಸುಮಾರು 650 ಹಿಮನದಿಗಳನ್ನು ಅಳೆದವರು 2019ರಲ್ಲಿ ಕಂಡದ್ದಿಷ್ಟು: 2000ದ ನಂತರ ಕರಗುವ ವೇಗ ಅದರ ಹಿಂದಿನ ಕಾಲು ಶತಮಾನದ ಇಮ್ಮಡಿ. 2035 ಸುಳ್ಳಾಯಿತು, ಕರಗುವುದು ಸುಳ್ಳಾಗಲಿಲ್ಲ.

ಮೇಷ್ಟ್ರೇ, ನಿಮ್ಮ ಪ್ರಶ್ನೆ ಕೆಟ್ಟ ಪ್ರಶ್ನೆಯಲ್ಲ. ಆಂಗ್‌ಸ್ಟ್ರೋಮ್ ಅದನ್ನು ಇನ್ನೂ ಗಟ್ಟಿಯಾಗಿ ಕೇಳಿದ್ದ. ಅವನ ಕೈಯಲ್ಲಿ ಕೊಳವೆಯಿತ್ತು, ಅವನ ಅನುಮಾನದಿಂದಲೇ ಈ ವಿಜ್ಞಾನ ಬಲವಾಯಿತು. ಅನುಮಾನ ಬಿಡಿ ಎಂದು ನಾನು ಹೇಳಲಾರೆ. ಮುಂದಿನ ಪತ್ರದಲ್ಲಿ ಒಂದು ಸಾಲು ಹೆಚ್ಚು ಬರೆಯಿರಿ: ಯಾವ ಅಳತೆ ಬಂದರೆ ನೀವು ಒಪ್ಪುತ್ತೀರಿ? ನನ್ನದನ್ನು ಇಲ್ಲೇ ಬರೆದುಕೊಡುತ್ತೇನೆ. ಅನಿಲ ಏರುತ್ತಲೇ ಇದ್ದು ಮೂವತ್ತು ವರ್ಷ ನೆಲವೂ ಕಡಲೂ ಕಾಯದಿದ್ದರೆ, ಅಥವಾ ನೆಲದ ಜೊತೆಗೆ ಸ್ತರಗೋಳವೂ ಕಾಯತೊಡಗಿದರೆ, ನಾನು ಬರೆದದ್ದೆಲ್ಲ ತಪ್ಪೆಂದು ಇದೇ ಅಂಕಣದಲ್ಲಿ ಒಪ್ಪಿಕೊಳ್ಳುತ್ತೇನೆ. ಅಲ್ಲಿಯವರೆಗೆ ಒಂದು ಬಕೆಟ್ಟು ನೀರು, ಒಂದೂವರೆ ಚಮಚ ನೀಲಿ ತೆಗೆದುಕೊಂಡು ನೀವೇ ನೋಡಿ. ಒಳ್ಳೆಯ ಪಂಚೆ ಮಾತ್ರ ಅದ್ದಬೇಡಿ.