ಶಂಖ ಮತ್ತು ದುಂಗ್: ಎರಡು ಭಾಷೆಗಳ ಅರ್ಥಲೋಕ

ಮುಂಬಯಿ ಬಳಿಯ ಡೊಂಬಿವಲಿ, ಕಲ್ಯಾಣಗಳ ಕನ್ನಡ ಮನೆಗಳ ದೇವರಕೋಣೆಗೂ ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ 1963ರಲ್ಲಿ ಸ್ಥಾಪನೆಯಾದ ನಾಮ್‌ಡ್ರೋಲಿಂಗ್ ಟಿಬೆಟನ್ ಬೌದ್ಧ ವಿಹಾರಕ್ಕೂ ಸಮಾನವಾಗಿ ಸಲ್ಲುವ ಮಂಗಳವಸ್ತು ಶಂಖ. ಸಂಸ್ಕೃತದಲ್ಲಿ ಈ ಪದ ಕಡಲಚಿಪ್ಪನ್ನು ಮಾತ್ರವಲ್ಲದೆ ಕುಬೇರನ ನವನಿಧಿಗಳಲ್ಲೊಂದನ್ನೂ, ಆಯುರ್ವೇದದಲ್ಲಿ ಕಣತಲೆಯ ಮರ್ಮಸ್ಥಾನವನ್ನೂ ಸೂಚಿಸುತ್ತದೆ. ಮಹಾಭಾರತದಲ್ಲಂತೂ ಶಂಖಕ್ಕೆ ವ್ಯಕ್ತಿಗಿರುವಂತೆ ಹೆಸರೇ ಇದ್ದು, ಕೃಷ್ಣನದು ಪಾಂಚಜನ್ಯ, ಅರ್ಜುನನದು ದೇವದತ್ತ.

ಟಿಬೆಟನ್ ಭಾಷೆಯಲ್ಲಿ ಶಂಖಕ್ಕೆ ‘ದುಂಗ್’ ಎನ್ನುತ್ತಾರೆ. ಕಡಲೇ ಇಲ್ಲದ ಆ ನಾಡಿನಲ್ಲಿ ಈ ಪದ ಊದುವ ಬೇರೆ ವಾದ್ಯಗಳಿಗೂ ಹಬ್ಬಿ, ವಿಹಾರಗಳ ನೀಳವಾದ ಲೋಹದ ಕಹಳೆಯೂ ‘ದುಂಗ್‌ಚೆನ್’, ಅಂದರೆ ಮಹಾಶಂಖ, ಎನಿಸಿಕೊಂಡದ್ದು ನಿಜಕ್ಕೂ ಸೋಜಿಗ. ‘ದುಂಗ್‌ಕರ್’ ಎಂಬ ಬಿಳಿಶಂಖ ಬೌದ್ಧರ ಅಷ್ಟಮಂಗಲಗಳಲ್ಲೊಂದಾಗಿದ್ದು, ದಿಕ್ಕುದಿಕ್ಕಿಗೆ ಹರಡುವ ಧರ್ಮೋಪದೇಶದ ಧ್ವನಿಯನ್ನು ಸಂಕೇತಿಸುತ್ತದೆ.

ಎರಡೂ ಪರಂಪರೆಗಳು ಹೆಚ್ಚು ಗೌರವಿಸುವುದು ದಕ್ಷಿಣಾವರ್ತವನ್ನು, ಎಂದರೆ ಬಲಕ್ಕೆ ಸುತ್ತಿದ ಶಂಖವನ್ನು. ಚಿಪ್ಪಿನ ತುದಿಯನ್ನು ಮೇಲೆ ಹಿಡಿದು ನೋಡುವ ಜೀವಶಾಸ್ತ್ರಜ್ಞರಿಗೆ ಇದೇ ಎಡಸುರುಳಿಯಾಗಿ ಕಾಣುತ್ತದೆ. ಮನ್ನಾರ್ ಕೊಲ್ಲಿಯಲ್ಲಿ ದೊರೆಯುವ ಪೂಜಾಶಂಖದ ಪ್ರಭೇದದಲ್ಲಿ ಇಂಥ ಸುರುಳಿ ಅತ್ಯಂತ ಅಪರೂಪವಾದ್ದರಿಂದ, ಅಗ್ಗದ ಬೆಲೆಗೆ ದಕ್ಷಿಣಾವರ್ತವೆಂದು ಮಾರುವ ಶಂಖವನ್ನು ಪರೀಕ್ಷಿಸದೆ ಕೊಳ್ಳುವುದು ತರವಲ್ಲ.